ಪ್ಯಾಸೇಜಿನಲ್ಲಿ ಇಲ್ಲದ ಊರು

ನಲವತ್ತು ದಾಟಿದ ಮೇಲೆ ನಾನು ಮತ್ತೆ ಬೆಂಚಿನ ಮೇಲೆ ಕೂತೆ. ಹೊಸಪೇಟೆ ಬಸ್ ನಿಲ್ದಾಣದ ಹತ್ತಿರ, ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ಕೋಚಿಂಗ್ ತರಗತಿ ನಡೆಯುತ್ತಿತ್ತು. ನನ್ನ ಅಕ್ಕಪಕ್ಕದಲ್ಲಿ ಇದ್ದವರಲ್ಲಿ ಹೆಚ್ಚಿನವರು ನನ್ನ ಮಗಳ ವಯಸ್ಸಿನವರು.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಕನ್ನಡ ಮಾಧ್ಯಮದಲ್ಲಿ. ಹಂಪಿ ನೋಡಲು ಬರುವ ಶಾಲೆ ಮಕ್ಕಳಿಗೆ, ಮಹಿಳಾ ಸಂಘಗಳ ಬಸ್ಸಿಗೆ, ದಾವಣಗೆರೆ ಕಡೆಯಿಂದ ಬರುವ ನೆಂಟರ ಗುಂಪಿಗೆ ವರ್ಷಗಟ್ಟಲೆ ಜಾಗ ತೋರಿಸುತ್ತ ಬಂದಿದ್ದೆ. ಬಿಸಿಲಿಗೆ ಬಂಡೆ ಕಾದು ಕಾಲು ಸುಡುವ ಹೊತ್ತಿನಲ್ಲೂ ಮಕ್ಕಳನ್ನು ನಗಿಸಿಕೊಂಡು ನಡೆಸುವುದು ನನಗೆ ಗೊತ್ತಿತ್ತು. ಹೀಗಿರುವಾಗ ಊರಿನ ಒಂದು ಪ್ರವಾಸ ಕಂಪನಿ, ವಿದೇಶದಿಂದ ಬರುವವರ ಗುಂಪುಗಳನ್ನೂ ನೀವೇ ನೋಡಿಕೊಳ್ಳಿ ಎಂದಿತು. ಆದರೆ ಇಂಗ್ಲಿಷ್ ಭಾಷಾ ಪರೀಕ್ಷೆ ಪಾಸು ಮಾಡಿದ ಸರ್ಟಿಫಿಕೇಟ್ ಬೇಕು. ಮಾತಾಡುವುದು ನನಗೆ ಕಷ್ಟವಿರಲಿಲ್ಲ. ಕೇಳಿ ಬರೆಯುವುದೂ ಹೇಗೋ ಆಗುತ್ತಿತ್ತು. ನನ್ನನ್ನು ಕಾಡಿದ್ದು ಓದಿ ಉತ್ತರಿಸುವ ಭಾಗ. ಒಂದು ಪ್ಯಾಸೇಜ್ ಕೊಡುತ್ತಾರೆ, ಕೆಳಗೆ ಹೇಳಿಕೆಗಳು ಇರುತ್ತವೆ. ಒಂದೊಂದರ ಮುಂದೆ ಸರಿ, ತಪ್ಪು, ಅಥವಾ ಇಲ್ಲಿ ಹೇಳಿಲ್ಲ ಎಂದು ಗುರುತು ಹಾಕಬೇಕು.

ಒಂದು ಶನಿವಾರ ಅಣಕು ಪರೀಕ್ಷೆಗೆ ಅಭ್ಯಾಸ ಪುಸ್ತಕದಿಂದ ಕೊಟ್ಟ ಪ್ಯಾಸೇಜ್ ನಮ್ಮ ಹಂಪಿಯ ಬಗ್ಗೆಯೇ ಇತ್ತು. ಶೀರ್ಷಿಕೆ ನೋಡಿ ಖುಷಿಯಾಯಿತು, ಇವತ್ತು ನಾನೇ ಮೊದಲು ಎಂದುಕೊಂಡೆ. ಓದುತ್ತ ಹೋದಂತೆ ಆ ಖುಷಿ ಇಳಿಯಿತು. ನಗರ ಹಾಳಾದ ಮೇಲೆ ಅದನ್ನು ಜಗತ್ತು ಪೂರ್ತಿ ಮರೆಯಿತಂತೆ. ಸುತ್ತಲಿನ ಹಳ್ಳಿಯವರು ಶತಮಾನಗಳ ಕಾಲ ಆ ಕಲ್ಲುಗಳ ನಡುವೆ ದನ ಕಟ್ಟಿಕೊಂಡು ಬದುಕಿದರಂತೆ, ಅವು ಏನೆಂದು ಅವರಿಗೆ ತಿಳಿದಿರಲಿಲ್ಲವಂತೆ. ಹೊರಗಿನ ವಿದ್ವಾಂಸರು ನಕ್ಷೆ ಹಿಡಿದು ಬಂದ ಮೇಲೆಯೇ ಆ ಜಾಗಕ್ಕೆ ಮತ್ತೆ ಅರ್ಥ ಬಂತಂತೆ. ಕೆಳಗಿನ ಹೇಳಿಕೆ ಹೀಗಿತ್ತು: 'ವಿದ್ವಾಂಸರು ಬರುವ ಮೊದಲೇ ಸ್ಥಳೀಯರಿಗೆ ಈ ಜಾಗದ ಚರಿತ್ರೆ ಗೊತ್ತಿತ್ತು.'

ನನ್ನ ತವರು ಬುಕ್ಕಸಾಗರ. ಊರಿನ ಹೆಸರಿನಲ್ಲೇ ಅರಸನ ಹೆಸರು ಕೂತಿದೆ. ಅರಸರ ಕಾಲದಲ್ಲಿ ತೋಡಿದ ಕಾಲುವೆಯ ನೀರು ಇವತ್ತಿಗೂ ನಮ್ಮ ಭತ್ತದ ಗದ್ದೆಗೆ ಬರುತ್ತದೆ. ಕಾಲುವೆಯ ಹೂಳು ತೆಗೆಯುವ ಸರದಿ ಯಾವ ಮನೆಯದು, ಯಾವ ಗದ್ದೆಗೆ ಯಾವ ಹೊತ್ತು ನೀರು ಎಂಬುದು ನನ್ನ ಅಜ್ಜನಿಗೆ ಅವನ ಅಜ್ಜನಿಂದ ಬಂದದ್ದು. ಹಂಪಿಯ ಗುಡಿಯಲ್ಲಿ ಪೂಜೆ ನಿಂತ ದಿನವನ್ನು ನಮ್ಮ ಮನೆಯ ಯಾವ ಮುದುಕಿಯೂ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಮರೆತವರು ಯಾರು ಹಾಗಾದರೆ? ನಾನು 'ಸರಿ' ಎಂದು ಗುರುತು ಹಾಕಿದೆ. ಸಾಲದು ಎಂದು, ನಮ್ಮ ಊರು ಏನನ್ನೂ ಮರೆತಿಲ್ಲ ಅಂತ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೂ ಬಿಟ್ಟೆ.

ಸೋಮವಾರ ಉತ್ತರಪತ್ರಿಕೆ ಹಂಚುವಾಗ ಮೇಷ್ಟ್ರು ನನ್ನದನ್ನು ಕೈಯಲ್ಲೇ ಇಟ್ಟುಕೊಂಡರು. ಮೂವತ್ತರ ಒಳಗಿನ ತರುಣ, ಚುರುಕು. ಇಂಗ್ಲಿಷ್ ಚೆನ್ನಾಗಿ ಕಲಿಸುತ್ತಿದ್ದರು, ಅದನ್ನು ಒಪ್ಪಲೇಬೇಕು.

"ಮೇಡಂ, ಇದಕ್ಕ 'ಸರಿ' ಅಂತ ಹೆಂಗ್ ಬರದ್ರಿ?" ಎಂದರು.

"ಅದು ಸರಿ ಐತ್ರಿ ಸರ್, ಅದಕ್ಕ."

"ಪ್ಯಾಸೇಜಿನಾಗ ಎಲ್ಲೈತಿ ತೋರಿಸ್ರಿ."

"ಪ್ಯಾಸೇಜಿನಾಗ ಇಲ್ರಿ. ಊರಾಗ ಐತಿ."

ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ನಾನೂ ನಗುತ್ತಿದ್ದೆನೋ ಏನೋ. ಆದರೆ ಅವರು ನಾನು ಪಕ್ಕದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು, ನನ್ನ ತಪ್ಪು ವ್ಯಾಕರಣದ ಸಮೇತ, ಒಂದೊಂದೇ ಶಬ್ದ ಎಳೆದು.

"ನೋಡ್ರಪಾ, ಇವ್ರು ಪರೀಕ್ಷಾ ಬರ್ಯಾಕ ಬಂದಿಲ್ಲ, ಪ್ಯಾಸೇಜಿಗೇ ಪರೀಕ್ಷಾ ಇಟ್ಟಾರ," ಎಂದರು. "ಕನ್ನಡ ಮೀಡಿಯಂದವ್ರು ಸೋಲೂದು ಇಲ್ಲೇ. ಗೊತ್ತಿರೂದನ್ನೆಲ್ಲ ಬರೀತಾರ. ನಿಮಗ ಗೊತ್ತಿರೂದು ಬ್ಯಾಡ ಮೇಡಂ. ಅಲ್ಲಿ ಬರದದ್ದು ಬೇಕು."

ನನ್ನ ಕಿವಿ ಬಿಸಿಯಾಯಿತು. ಎದ್ದು ನಿಂತೆ.

"ಸರ್, ನಮ್ಮೂರಿನವ್ರು ಏನೂ ತಿಳೀದ ದನ ಕಾಯೋರು ಅಂತ ಅಲ್ಲಿ ಬರದಾರ. ಅದಕ್ಕ ಹೌದು ಅಂತ ನಾನಾ ಟಿಕ್ ಹಾಕಬೇಕ? ನೀವು ಹೊಸಪೇಟೆಯವ್ರಲ್ಲೇನು? ನಿಮಗೂ ಹಂಗ ಅಂದಂಗಾತಲ್ಲ!"

"ನನಗ್ಯಾಕ ಅಂತಾರ್ರಿ? ಕುಂದ್ರಿ, ಕುಂದ್ರಿ. ಪರೀಕ್ಷಾ ಮಾಡೋರು ನಿಮ್ಮೂರು ನೋಡಾಕ ಬರಂಗಿಲ್ಲ."

ಕೂರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದುಬಿಟ್ಟೆ. ಪರೀಕ್ಷೆಯ ಲೆಕ್ಕಕ್ಕೆ ಅವರು ಹೇಳಿದ್ದು ಸರಿಯೇ ಇತ್ತು ಎಂಬುದೇ ನನ್ನನ್ನು ಹೆಚ್ಚು ಸುಟ್ಟದ್ದು. ಓದಿದ್ದನ್ನು ಅರ್ಥ ಮಾಡಿಕೊಂಡಿದ್ದಾಳೆಯೇ ಎಂದಷ್ಟೇ ಅವರಿಗೆ ಬೇಕು. ಆದರೆ ಓದಿದ್ದು ಸುಳ್ಳು ಎಂದು ತಿಳಿಯುವುದು ಅರ್ಥ ಮಾಡಿಕೊಳ್ಳುವುದಲ್ಲವೇ? ಅದಕ್ಕೆ ಅಂಕ ಯಾಕಿಲ್ಲ?

ಆ ವಾರ ತವರಿಗೆ ಹೋದಾಗ ಅಪ್ಪನ ಮುಂದೆ ಎಲ್ಲ ಹೇಳಿದೆ. ಅವರಿಗೂ ಸಿಟ್ಟು ಬರಬಹುದು, ನನ್ನ ಬೆನ್ನಿಗೆ ನಿಲ್ಲಬಹುದು ಎಂದುಕೊಂಡಿದ್ದೆ. ಅಪ್ಪ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

"ನೀ ಅಲ್ಲಿಗೆ ಹೋಗಿದ್ದು ಸರ್ಟಿಫಿಕೇಟಿಗೋ, ಜಗಳಕ್ಕೋ?" ಎಂದರು, ಕಣ್ಣು ತೆಗೆಯದೆ.

"ಅಪ್ಪಾ, ನಮಗ ಏನೂ ಗೊತ್ತಿರಲಿಲ್ಲ ಅಂತ ಬರದಾರ."

"ಬರದ್ರ ಬರೀಲಿ ಬಿಡವ್ವಾ. ಅವ್ರು ಬರದದ್ದಕ್ಕ ಕಾಲುವಿ ನೀರು ನಿಂತೈತೇನು? ಟಿಕ್ ಹಾಕು, ಪಾಸ್ ಮಾಡು, ಆಮ್ಯಾಲ ಬೇಕಾದಷ್ಟು ಬೈ."

ಇಷ್ಟು ಸಲೀಸಾಗಿ ಬಿಟ್ಟುಕೊಟ್ಟರಲ್ಲ ಎಂದು ಅವರ ಮೇಲೂ ಸಿಟ್ಟು ಬಂತು. ಅಮ್ಮ ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಬಸ್ಸು ಹಿಡಿದೆ.

ಮತ್ತೆ ಕೋಚಿಂಗಿಗೆ ಹೋಗಲಿಲ್ಲ. ಅಲ್ಲೇ ಪರಿಚಯವಾಗಿದ್ದ ಒಬ್ಬ ಗೆಳತಿಯ ಜೊತೆ ಓದತೊಡಗಿದೆ. ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಕಂಪ್ಲಿಯಲ್ಲಿ ಅವಳ ತಂದೆಯದು ಅಕ್ಕಿ ಗಿರಣಿ. ಸಂಡೂರು ತಾಲೂಕಿನ ವಡ್ಡು ಕಡೆ, ಕಾರ್ಖಾನೆಯ ಕಾಲೊನಿಯೊಂದರ ಇಂಗ್ಲಿಷ್ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳ ಶಾಲೆಯವರೂ ಇದೇ ಸರ್ಟಿಫಿಕೇಟ್ ಕೇಳಿದ್ದರು. ಭಾನುವಾರ ಅವಳು ಕಂಪ್ಲಿಗೆ ಬಂದಾಗ ನಾನೂ ಅಲ್ಲಿಗೆ ಹೋಗುತ್ತಿದ್ದೆ. ಗಿರಣಿಗೆ ಅವತ್ತು ರಜೆ. ತೌಡಿನ ವಾಸನೆ ತುಂಬಿದ ಮುಂದಿನ ಕೋಣೆಯಲ್ಲಿ ಮೇಜಿನ ಎರಡು ಬದಿಗೆ ಕೂತು, ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಪ್ಯಾಸೇಜ್ ಮೇಲೆ ಪ್ಯಾಸೇಜ್ ಬಿಡಿಸುತ್ತಿದ್ದೆವು.

ಅವಳಿಗೆ ಇದೊಂದು ಲೆಕ್ಕ ಅಷ್ಟೆ. "ಅಕ್ಕಾ, ನೀ ಪ್ಯಾಸೇಜ್ ಜೋಡಿ ಯಾಕ ಮಾತಾಡ್ತಿ?" ಎನ್ನುತ್ತಿದ್ದಳು. "ಮೊದಲು ಪ್ರಶ್ನಿ ಓದು, ಅದರ ಶಬ್ದ ಪ್ಯಾಸೇಜಿನಾಗ ಹುಡುಕು, ಸಿಕ್ತ? ಟಿಕ್ ಹಾಕು, ಮುಂದ ನಡಿ. ಲೆಕ್ಕದಾಗ ಮಾವಿನ ಹಣ್ಣು ಅಂದ್ರ ಯಾವ ತೋಟದ್ದು ಅಂತ ಕೇಳ್ತೀವೇನು?"

"ಮಾವಿನಹಣ್ಣಿಗೆ ಅವಮಾನ ಆಗಂಗಿಲ್ಲಲೇ."

"ನಿನಗ ಭಾಳ ಸಿಟ್ಟವ್ವಾ. ನಿನ್ನಂಥೋರು ಪಾಸಾಗೂದು ಕಷ್ಟ."

ಒಂದು ಭಾನುವಾರ ಈ ಮಾತಿಗೇ ಜಗಳವಾಯಿತು. ನಿನ್ನ ಊರಿನ ಬಗ್ಗೆ ಹೀಗೆ ಬರೆದಿದ್ದರೆ ಗೊತ್ತಾಗುತ್ತಿತ್ತು ಎಂದೆ. ನನಗೇನೂ ಆಗುತ್ತಿರಲಿಲ್ಲ ಎಂದಳು ಅವಳು. ಎರಡು ವಾರ ನಾನು ಕಂಪ್ಲಿ ಕಡೆ ತಲೆ ಹಾಕಲಿಲ್ಲ. ಆಮೇಲೆ ಅವಳೇ ಫೋನ್ ಮಾಡಿ, "ಮಂಡಕ್ಕಿ ಒಗ್ಗರಣಿ, ಮೆಣಸಿನಕಾಯಿ ಬಜ್ಜಿ ಮಾಡ್ಸೀನಿ, ಬರ್ತೀಯೋ ಇಲ್ಲೋ?" ಎಂದಳು. ಹೋದೆ.

ಪರೀಕ್ಷೆ ಬಳ್ಳಾರಿಯಲ್ಲಿ. ತಣ್ಣನೆಯ ಕಂಪ್ಯೂಟರ್ ಕೋಣೆ, ನನಗೆ ಬೆಳಗಿನ ಸರದಿ, ಅವಳಿಗೆ ಮಧ್ಯಾಹ್ನದ್ದು. ನನಗೆ ಬಂದ ಪ್ಯಾಸೇಜ್ ಯಾವುದೋ ಹಿಮದ ದೇಶದ ಮೀನುಗಾರರ ಬಗ್ಗೆ. ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುತ್ತಾರಂತೆ, ಮಾತು ಕಡಿಮೆಯಂತೆ, ಹೊರಗಿನವರನ್ನು ನಂಬುವುದಿಲ್ಲವಂತೆ. ನನಗೆ ಅವರ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲವೂ ನೀರು ಕುಡಿದಷ್ಟು ಸುಲಭವಾಯಿತು. ಸರಿ, ತಪ್ಪು, ಸರಿ, ಹೇಳಿಲ್ಲ ಎನ್ನುತ್ತ ಒಂದೇ ಸಮನೆ ಒತ್ತುತ್ತ ಹೋದೆ. ಕೊನೆಯ ಪ್ರಶ್ನೆ ಮುಗಿಸಿ ಕೈ ತೆಗೆದಾಗ ಒಂದು ಯೋಚನೆ ಬಂತು. ಆ ಮೀನುಗಾರರ ಹಳ್ಳಿಯಲ್ಲೂ ನನ್ನಂಥವಳೊಬ್ಬಳು ಇರಬಹುದಲ್ಲ. ನಮ್ಮವರು ಮಾತು ಕಡಿಮೆ ಎಂದು ಯಾರು ಹೇಳಿದರು ಎಂದು ಅವಳು ಹಲ್ಲು ಕಡಿಯುತ್ತಿರಬಹುದಲ್ಲ. ಅವಳ ವಿರುದ್ಧ ನಾನು ಈಗಷ್ಟೇ ಅಂಕ ಗಳಿಸಿ ಬಂದಿದ್ದೆ.

ಫಲಿತಾಂಶ ಬಂತು. ನಾನು ಪಾಸು. ಗೆಳತಿ, ನನಗೆ ಉಪಾಯ ಹೇಳಿಕೊಟ್ಟವಳು, ಓದುವ ಭಾಗದಲ್ಲಿ ಸ್ವಲ್ಪದರಲ್ಲಿ ಫೇಲಾದಳು. ಅಭಿನಂದನೆ ಹೇಳಲು ಫೋನ್ ಮಾಡಿದವಳು ಮೊದಲ ಮಾತಿಗೇ ಸಿಡಿದಳು.

"ಅಕ್ಕಾ, ಅಕ್ಕಿ ಮ್ಯಾಲ ಬಂದಿತ್ತು! ಭತ್ತ ಕುದಿಸಿ ಒಣಗಿಸಿದ್ರ ಅಕ್ಕಿ ಸತ್ವ ಎಲ್ಲಾ ಹೋಗ್ತೈತಿ ಅಂತ ಬರದಿದ್ರು. ಯಾವ ಮೂರ್ಖ ಬರದನೋ! ನಾ ಹುಟ್ಟಿದ್ದು ಗಿರಣ್ಯಾಗ. ಸತ್ವ ಉಳೀಲಿ ಅಂತಾನಾ ಕುದಸ್ತಾರ."

"ನೀ ಏನ್ ಹಾಕಿದಿ?"

"ತಪ್ಪು ಅಂತ ಹಾಕಿದೆ. ಅದರ ಮುಂದಿನವೂ ಹಂಗಾ ಹಾಕ್ಕೊಂತ ಹೋದೆ. ಕೈ ಕೇಳಲಿಲ್ಲ."

ಮಾವಿನಹಣ್ಣಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವಳು ಅಳುತ್ತಿದ್ದಳು. ಅಳುವಿಗಿಂತ ಹೆಚ್ಚು ಸಿಟ್ಟೇ ಇತ್ತು ಅದರಲ್ಲಿ. ನನಗೂ ಇತ್ತು. ಅಕ್ಕಿಯ ಬಗ್ಗೆ ನಿಜ ಗೊತ್ತಿದ್ದವಳು ಫೇಲು, ಹಿಮದ ಬಗ್ಗೆ ಏನೂ ಗೊತ್ತಿಲ್ಲದವಳು ಪಾಸು. ಇದಕ್ಕೆ ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆ ಎಂದು ಹೆಸರು.

ಸರ್ಟಿಫಿಕೇಟ್ ಕೈಗೆ ಬಂದ ಮೇಲೂ ನನ್ನ ಉರಿ ಆರಲಿಲ್ಲ. ಬೈದರೆ ಅಪ್ಪನಿಗೆ ಕೇಳದು, ಪುಸ್ತಕ ಅಚ್ಚು ಹಾಕಿದವರಿಗಂತೂ ಮೊದಲೇ ಕೇಳದು. ಒಂದು ಮಧ್ಯಾಹ್ನ ಕೂತು ನಾನೇ ಒಂದು ಪ್ಯಾಸೇಜ್ ಬರೆದೆ, ಇಂಗ್ಲಿಷಿನಲ್ಲಿ. ಬುಕ್ಕಸಾಗರದ ಕಾಲುವೆ, ಹೂಳು ತೆಗೆಯುವ ಸರದಿ, ಊರಿನ ಹೆಸರು, ಗುಡಿಯ ಪೂಜೆ. ಕೆಳಗೆ ಪ್ರಶ್ನೆಗಳನ್ನೂ ಹಾಕಿದೆ. ಅದನ್ನು ಹಿಡಿದು ಚಪ್ಪಲಿ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಿದೆ.

ಮೇಷ್ಟ್ರು ನನ್ನನ್ನು ನೋಡಿ ಕುರ್ಚಿ ಎಳೆದು ಕೊಟ್ಟರು. ಪಾಸಾದ ಸುದ್ದಿ ಅವರಿಗೆ ಮುಟ್ಟಿತ್ತು. ಹಾಳೆ ಓದಿದರು. ಕೆಂಪು ಪೆನ್ನು ತೆಗೆದು ಕಾಗುಣಿತ, ಕ್ರಿಯಾಪದ ಎಂದು ಅಲ್ಲಲ್ಲಿ ತಿದ್ದಿದರು. ಮತ್ತೆ ನಗುತ್ತಾರೆ ಎಂದು ನಾನು ಕಾದೆ.

"ಚಲೋ ಐತ್ರಿ," ಎಂದರು. "ಕ್ಲಾಸಿನಾಗ ಕೊಡಲೇನು?"

"ಅದಕ್ಕಾ ತಂದೀನ್ರಿ." ಒಂದು ಕ್ಷಣ ಬಿಟ್ಟು, "ಅವತ್ತು ನಾ ಬರದದ್ದನ್ನ ಹಂಗ ಓದಬಾರದಿತ್ರಿ ನೀವು," ಎಂದೆ.

ಅವರು ಪೆನ್ನಿನ ಟೋಪಿ ಹಾಕಿದರು, ತೆಗೆದರು. "ಹೌದ್ರಿ, ಹೆಚ್ಚಾತು ಅವತ್ತು," ಎಂದರು. ಅಷ್ಟೇ. ಅಷ್ಟನ್ನೇ ನಾನು ಇಟ್ಟುಕೊಂಡೆ.

ಝೆರಾಕ್ಸ್ ಮಾಡಿಸಿ ಹಂಚಿದ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಉತ್ತರ ನೋಡುವಾಗ ಮಲಪನಗುಡಿಯ ಒಬ್ಬ ಹುಡುಗಿ ಎದ್ದು ನಿಂತಳು. ಕಾಲೇಜು ಮುಗಿಸಿ ಬ್ಯಾಂಕ್ ಕೆಲಸಕ್ಕೆ ತಯಾರಾಗುತ್ತಿದ್ದವಳು.

"ಸರ್, ಪ್ಯಾಸೇಜಿನಾಗ 'ಈ ಭಾಗದ ಹಳೇ ಕಾಲುವೆ, ಬಾವಿ ಎಲ್ಲವೂ ಇಂದಿಗೂ ಬಳಕೆಯಲ್ಲಿವೆ' ಅಂತ ಐತ್ರಿ, ಕೆಳಗಿನ ಹೇಳಿಕೆನೂ ಅದಾ ಐತಿ. ನಮ್ಮೂರಾಗ ಅಷ್ಟು ದೊಡ್ಡ ಹಳೇ ಬಾವಿ ಐತಿ, ಅದರ ನೀರು ಯಾರೂ ಸೇದಂಗಿಲ್ಲ. ನಾನು ತಪ್ಪು ಅಂತ ಹಾಕೀನಿ."

ಮೇಷ್ಟ್ರು ನನ್ನ ಕಡೆ ನೋಡಿದರು. ತರಗತಿಯ ತಲೆಗಳೆಲ್ಲ ತಿರುಗಿದವು. ಒಂದು ಗಳಿಗೆ ನನಗೂ ಅದೇ ಮಾತು ಬಾಯಿಗೆ ಬಂತು: ಅಲ್ಲಿ ಬರೆದದ್ದು ನೋಡವ್ವಾ, ನಿನಗೆ ಗೊತ್ತಿರುವುದು ಬೇಡ. ಹುಡುಗಿ ಕೂರದೆ ನಿಂತೇ ಇದ್ದಳು. ಅವಳ ಮುಖವೂ ಕೆಂಪಗಾಗಿತ್ತು.

"ಸರ್, ಪೆನ್ ಕೊಡ್ರಿ," ಎಂದೆ. ಪ್ಯಾಸೇಜಿನಲ್ಲಿ 'ಎಲ್ಲವೂ' ಎಂದಿದ್ದನ್ನು ಹೊಡೆದು 'ಅನೇಕ' ಎಂದು ಬರೆದೆ. "ಎಲ್ಲಾರೂ ತಿದ್ದಿಕೊಳ್ರಿ. ಅಕಿ ಹೇಳಿದ್ದು ಖರೆ ಐತಿ. ಅಕಿಗೆ ಪೂರ್ತಿ ಮಾರ್ಕ್ಸ್ ಕೊಡ್ರಿ ಸರ್."

ಹುಡುಗಿ ಕೂತಳು. ಮುಂದಿನ ಪ್ರಶ್ನೆಗೆ ಹೋದೆವು.

ಮನೆಗೆ ಬರುವಾಗ ನನ್ನ ಸಿಟ್ಟು ಕಡಿಮೆಯಾಗಿರಬೇಕಿತ್ತು, ಇನ್ನೂ ಏರಿತ್ತು. ಒಂದು ಶಬ್ದ ಹೊಡೆದು ಇನ್ನೊಂದು ಬರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತು? ಅಷ್ಟು ದೊಡ್ಡ ಪುಸ್ತಕ ಮಾಡುವವರಿಗೆ, ಅಷ್ಟೊಂದು ಓದಿದವರಿಗೆ, ಒಬ್ಬರನ್ನು ಕೇಳಿ ಒಂದು ಸಾಲು ತಿದ್ದಲು ಯಾಕೆ ಆಗಲಿಲ್ಲ? ಕೇಳಬೇಕು ಎಂದೇ ಅನ್ನಿಸಿರಲಿಲ್ಲ, ಅದಕ್ಕೆ. ಕಳೆದ ತಿಂಗಳು ಪುಸ್ತಕದ ಅಂಗಡಿಯಲ್ಲಿ ಆ ಪುಸ್ತಕದ ಹೊಸ ಮುದ್ರಣ ನೋಡಿದೆ. ಮುಖಪುಟ ಬೇರೆಯಾಗಿದೆ. ಒಳಗೆ ನಮ್ಮ ಹಳ್ಳಿಯವರು ಏನೂ ಅರಿಯದೆ ಅದೇ ಕಲ್ಲಿಗೆ ಅದೇ ದನ ಕಟ್ಟಿಕೊಂಡು ನಿಂತಿದ್ದಾರೆ.

ಗೆಳತಿ ಎರಡನೆಯ ಸಲ ಬರೆದು ಪಾಸಾದಳು. ಈ ಸಲ ಅವಳಿಗೆ ಬಂದದ್ದು ಯಾವುದೋ ದೂರದ ಮರುಭೂಮಿಯ ಒಂಟೆಗಳ ಬಗ್ಗೆ.