ಎಂಟು ಗುರುತಿನ ಬಾಟಲಿ

1988ರಲ್ಲಿ ನಾನು ಅಫಜಲಪುರದ ಸರ್ಕಾರಿ ದವಾಖಾನೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ನೇಮಕಾತಿ ಪತ್ರದಲ್ಲಿ ಹಾಗೆ ಬರೆದಿತ್ತು, ಜನರ ಬಾಯಲ್ಲಿ ಮಾತ್ರ ನಾನು ಕಂಪೌಂಡರ್ ಸಾಹೇಬ. ಕೆಮ್ಮಿಗೆ, ಹೊಟ್ಟೆನೋವಿಗೆ ಕೊಡುವ ಮಿಕ್ಸ್ಚರ್ ಎಂಬ ಬಣ್ಣದ ಔಷಧಿಯನ್ನು ದೊಡ್ಡ ಜಾಡಿಯಲ್ಲಿ ಕಲಸಿ, ರೋಗಿಗಳು ಮನೆಯಿಂದ ತಂದ ಬಾಟಲಿಗೆ ಸುರಿದು ಕೊಡುವ ಕಾಲ ಅದು. ಓದಲು ಬಾರದವರಿಗೂ ಅಳತೆ ತಿಳಿಯಲಿ ಎಂದು ಬಾಟಲಿಗೆ ಉದ್ದನೆಯ ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಪಟ್ಟಿಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿದರೆ ಒಂದು ಹಲ್ಲು ಒಂದು ಡೋಸ್. ನನ್ನ ಪಟ್ಟಿಯಲ್ಲಿ ಯಾವಾಗಲೂ ಎಂಟು ಹಲ್ಲು. ಕಾಗದ ನಾಲ್ಕು ಮಡಿಕೆ ಮಾಡಿ ಕತ್ತರಿ ಎರಡು ಸಲ ಆಡಿಸಿದರೆ ಎಂಟೂ ಸಮ ಬರುತ್ತಿದ್ದವು. ಜಿಲ್ಲೆಯಲ್ಲಿ ನನ್ನಷ್ಟು ಚೆಂದ ಪಟ್ಟಿ ಕತ್ತರಿಸುವವನು ಇನ್ನೊಬ್ಬನಿಲ್ಲ ಎಂದು ನನಗೆ ಆಗಲೂ ಜಂಬ, ಈಗಲೂ ಜಂಬ.

ಇನ್ನೊಂದು ವಿಷಯದಲ್ಲಿ ನಾನು ಬಹಳ ಕೆಟ್ಟವನು. ಹೊಲಸು ಬಾಟಲಿ ತಂದರೆ ಔಷಧಿ ಹಾಕುತ್ತಿರಲಿಲ್ಲ. ಸೀಮೆಎಣ್ಣೆ ವಾಸನೆಯ ಬಾಟಲಿ, ಒಳಗೆ ಇರುವೆ ಸತ್ತ ಬಾಟಲಿ, ಎಲ್ಲವನ್ನೂ ಕಿಟಕಿಯಿಂದಲೇ ವಾಪಸು ಕೊಟ್ಟು, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಬೈಯುತ್ತಿದ್ದೆ. ಗೊಬ್ಬೂರಿನ ಕಸ್ತೂರಬಾಯಿ ಒಮ್ಮೆ ಹೀಗೆ ಬೈಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೋಗಿದ್ದಳು. ಆ ಬೈಗುಳ ಮುಂದೆ ಯಾರ ತಲೆಗೆ ಬಂತು ಎನ್ನುವುದೇ ಈ ಕಥನ.

ಕಸ್ತೂರಬಾಯಿಯ ಮಗ ಮಲ್ಲಿನಾಥ. ಆಗ ಇಪ್ಪತ್ತಮೂರು ವರ್ಷ. ದಿನಾ ಬೆಳಿಗ್ಗೆ ಗೊಬ್ಬೂರಿನಿಂದ ಸೈಕಲ್ಲಿಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಅಫಜಲಪುರಕ್ಕೆ ಬರುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಭೀಮೆಯ ನೀರು ಇಳಿದು, ಘತ್ತರಗಿಯ ಆಚೀಚೆ ದಂಡೆಯ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಾಗ ನಮಗೆ ಜೀಪು ಸಿಗದೆ ಪರದಾಡುವಂತಾಗಿತ್ತು. ಆಗ ಈ ಹುಡುಗ ತಾನಾಗಿ ಬಂದು, ಹಾಲಿನ ಕ್ಯಾನಿನ ಜಾಗದಲ್ಲಿ ಬ್ಲೀಚಿಂಗ್ ಪೌಡರ್ ಚೀಲ ಕಟ್ಟಿಕೊಂಡು ಹದಿನೈದು ದಿನ ಊರೂರು ತಿರುಗಿದ. ಖಾಲಿಯಾದ ಗಾಜಿನ ಸಲಾಯಿನ್ ಬಾಟಲಿಗಳಿಗೆ ನನ್ನ ಎಂಟು ಹಲ್ಲಿನ ಪಟ್ಟಿ ಅಂಟಿಸಿ, ಮನೆಮನೆಗೆ ಕೊಟ್ಟೆವು. ಕುದಿಸಿ ಆರಿಸಿದ ನೀರು, ಬೆಲ್ಲ, ಉಪ್ಪು, ನಿಂಬೆಹುಳಿ. ಒಮ್ಮೆಲೇ ಗಟಗಟ ಕುಡಿದರೆ ವಾಂತಿಯಾಗುತ್ತದೆ, ಸ್ವಲ್ಪ ಸ್ವಲ್ಪ ಒಂದೊಂದು ಗುರುತು ಇಳಿಸಬೇಕು. ಇದನ್ನು ನನಗಿಂತ ಚೆನ್ನಾಗಿ ಮಲ್ಲಿನಾಥ ಹೇಳಿಕೊಡುತ್ತಿದ್ದ. ಕೆಲಸ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಒಂದು ಬಾಟಲಿ.

1988ರ ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಸೈಕಲ್ ಸ್ಪರ್ಧೆ ಇಟ್ಟರು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿನ ಸವಾರರು. ಅಫಜಲಪುರದಿಂದ ಚೌಡಾಪುರಕ್ಕೆ ಹೋಗಿ ಹೊರಳಿ ಬರಬೇಕು, ಸುಮಾರು ಅರವತ್ತು ಕಿಲೋಮೀಟರ್. ಸಮಿತಿಯ ಅಧ್ಯಕ್ಷರು ಜೇವರ್ಗಿ ಕಡೆಯ ನಿವೃತ್ತ ದೈಹಿಕ ಶಿಕ್ಷಕರು. ಎಲ್ಲರೂ ಅವರನ್ನು ಮಾಸ್ತರರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಗೆದ್ದವನಿಗೆ ಅವರು ಎಂಟು ದಿನದೊಳಗೆ ಪ್ರಮಾಣಪತ್ರ ಬರೆದುಕೊಟ್ಟರೆ, ಅದನ್ನು ಹಿಡಿದು ಹೋದವನಿಗೆ ಒಂದು ಇಲಾಖೆಯ ಸೈಕಲ್ ತಂಡದಲ್ಲಿ ಕೆಲಸ. ಸೈಕಲ್ ಹೊಡೆಯುವುದಕ್ಕೇ ಸಂಬಳ ಕೊಡುತ್ತಾರೆ ಎಂದರೆ ಗೊಬ್ಬೂರಿನಲ್ಲಿ ಯಾರೂ ನಂಬಲಿಲ್ಲ.

ಮಲ್ಲಿನಾಥ ಮಡ್‌ಗಾರ್ಡು, ಕ್ಯಾರಿಯರ್ ಬಿಚ್ಚಿದ ಹಾಲಿನ ಸೈಕಲ್ಲಿನಲ್ಲೇ ಬಂದಿದ್ದ. ತಂತಿ ಬಗ್ಗಿಸಿ ಮಾಡಿದ ಗೂಡಿನಲ್ಲಿ ಹಸಿ ಗೋಣಿತಟ್ಟು ಸುತ್ತಿದ ಬಾಟಲಿ. ಒಂದು ತಾಸು ಐವತ್ತೆರಡು ನಿಮಿಷಕ್ಕೆ ಅವನು ಗೆರೆ ದಾಟಿದ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಅಲ್ಲೇ ನಿಂತಿದ್ದ ನಾನು ಪೆಟ್ಟಿಗೆ ಬಿಟ್ಟು ಚಪ್ಪಾಳೆ ಹೊಡೆದೆ. ನಾಲ್ಕು ನಿಮಿಷದ ನಂತರ ಆಳಂದದ ಮೈಬೂಬ ಬಂದ. ಮೂರನೆಯವನು ಇನ್ನೂ ಹಿಂದೆ.

ಸೈಕಲ್ ನಿಲ್ಲಿಸುವಾಗ ಗೋಣಿತಟ್ಟು ಕಳಚಿ ಬಿತ್ತು. ಸಲಾಯಿನ್ ಬಾಟಲಿ, ಅದರ ಮೇಲೆ ಡೋಸಿನ ಪಟ್ಟಿ. ಗುಂಪಿನಿಂದ ಯಾರೋ ಕೂಗಿದರು: “ನೋಡ್ರಿ, ಡೋಸ್ ಹಾಕ್ಕೊಂಡು ಹೊಡದಾನ!” ಸ್ಪರ್ಧೆ ಗೆಲ್ಲಲು ಔಷಧಿ ತೆಗೆದುಕೊಳ್ಳುವುದಕ್ಕೆ ಡೋಪಿಂಗ್ ಎನ್ನುತ್ತಾರೆಂದು ನಮ್ಮ ಕಡೆಯವರಿಗೆ ಗೊತ್ತಾಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಡಿದವನ ಪದಕ ಕಿತ್ತುಕೊಂಡ ಸುದ್ದಿ ಚಹಾದಂಗಡಿಯ ರೇಡಿಯೋದಲ್ಲಿ ಕೇಳಿ ಎಲ್ಲರೂ ಪಂಡಿತರಾಗಿದ್ದರು. ಮೂರನೆಯವನ ಕಡೆಯವರು ಅಲ್ಲೇ ದೂರು ಬರೆದುಕೊಟ್ಟರು. ಔಷಧಿ ಕುಡಿದಿದ್ದಾನೆ, ಇದರಲ್ಲಿ ದವಾಖಾನೆಯವರ ಕೈವಾಡವಿದೆ ಎಂದು.

ಮೂತ್ರ ಪರೀಕ್ಷೆಗೆ ನಮ್ಮಲ್ಲಿ ಅನುಕೂಲವಿರಲಿಲ್ಲ. ಮಾಸ್ತರರು ಬಾಟಲಿಯನ್ನು ಕಣ್ಣಮಟ್ಟಕ್ಕೆ ಹಿಡಿದು ನೋಡಿ, ‘ಖಾಲಿ, ತಳದಲ್ಲಿ ಒಂದು ಚಮಚೆಯಷ್ಟು ಉಳಿದಿದೆ’ ಎಂದು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ, ಜನರನ್ನು ನಂಬುವ ಮನುಷ್ಯ, ಅದನ್ನು ಮಲ್ಲಿನಾಥನ ಕೈಗೇ ಕೊಟ್ಟು, “ನಾಳೆ ಹತ್ತಕ್ಕ ದವಾಖಾನಿಗಿ ಈ ಬಾಟ್ಲಿ ತಗೊಂಡು ಬಾ. ಅಲ್ಲೇ ನೋಡೂಣು” ಎಂದರು.

ಸೋಮವಾರ ಹತ್ತಕ್ಕೆ ಸರಿಯಾಗಿ ತಾಯಿ, ಮಗ ಬಂದರು. ಡಾಕ್ಟರರು ರಜೆಯಲ್ಲಿದ್ದುದರಿಂದ ಮಾಸ್ತರರು ನನ್ನ ಕೋಣೆಯಲ್ಲೇ ಕೂತಿದ್ದರು. ಕಸ್ತೂರಬಾಯಿ ಸೆರಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಅದು ಫಳಫಳ ಹೊಳೆಯುತ್ತಿತ್ತು. ಒಳಗೆ ಒಂದು ಹನಿಯಿಲ್ಲ, ಹೊರಗೆ ಪಟ್ಟಿಯ ಚೂರೂ ಇಲ್ಲ.

“ಏನ್ ಮಾಡಿದೆಬೇ ಇದಕ್ಕ?” ಎಂದೆ ನಾನು.

“ಬೂದಿ ಹಾಕಿ ಮೂರು ಸಲ ತಿಕ್ಕೇನ್ರಿ, ಕಂಪೌಂಡರ್ ಸಾಹೇಬ್ರ. ಬಿಸಿನೀರಾಗ ಕುದಿಸೇನಿ. ದವಾಖಾನಿಗಿ ಹೊಲಸು ಬಾಟ್ಲಿ ತಂದ್ರ ನೀವು ಹೊರಗ ಹಾಕ್ತೀರಲ್ರೀ,” ಎಂದಳು. ಮುಖದಲ್ಲಿ, ಈ ಸಲವಾದರೂ ಬೈಸಿಕೊಳ್ಳಲಿಲ್ಲ ಎಂಬ ಸಮಾಧಾನ.

ನನಗೆ ಭೂಮಿ ಬಾಯಿ ತೆರೆಯಬಾರದೆ ಎನಿಸಿತು. ಮಾಸ್ತರರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಇದ್ದ ಒಂದು ಪುರಾವೆ ತೊಳದ್ರಿ. ಚೀಟಿ ಸೈತ ಕಿತ್ತೀರಿ. ಇನ್ನ ನಾನು ಏನಂತ ಬರೀಲಿ? ಅನುಮಾನ ಹೋಗೂ ತನಕ ಪ್ರಮಾಣಪತ್ರ ಕೊಡಾಕ ಬರಂಗಿಲ್ಲ,” ಎಂದರು. ಪ್ರಮಾಣಪತ್ರ ಇಲ್ಲದಿದ್ದರೆ ಕೆಲಸ ಇಲ್ಲ. ಮೇಲಾಗಿ ಔಷಧಿ ಕುಡಿದವನು ಎಂಬ ಹೆಸರು ಹೊತ್ತುಕೊಂಡು ಮಲ್ಲಿನಾಥ ಇದೇ ರಸ್ತೆಯಲ್ಲಿ ದಿನಾ ಹಾಲು ಮಾರಬೇಕು. ಅವನು ಗೋಡೆಗೆ ಆತು ನಿಂತು ನೆಲ ನೋಡುತ್ತಿದ್ದ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಪಟ್ಟಿ ಹೋಗಿದೆ ಎಂದು ಕಂಡಾಗ ಮೊದಲು ನನಗೆ ಹಾಯೆನಿಸಿತು. ದವಾಖಾನೆಯ ಕೈವಾಡ ಎಂದು ದೂರಿನಲ್ಲಿತ್ತು, ನನಗೆ ಇಬ್ಬರು ಹೆಣ್ಣುಮಕ್ಕಳು, ನೌಕರಿ ಇನ್ನೂ ಒಂಬತ್ತು ವರ್ಷ ಇತ್ತು. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಹುಡುಗ ಬ್ಲೀಚಿಂಗ್ ಪೌಡರಿನಿಂದ ಬಿಳಿಯಾದ ಕೈಯಲ್ಲಿ ನನ್ನ ಬಾಗಿಲಿಗೆ ಬಂದು, “ನಾಳೆ ಯಾವ ಊರ್ರಿ?” ಎಂದು ಕೇಳುತ್ತಿದ್ದುದು ನೆನಪಾಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು.

“ಆ ಪಟ್ಟಿ ನಂದ್ರಿ, ಮಾಸ್ತರ್ರ. ಬಾಟ್ಲಿ ಕೊಟ್ಟಾವನೂ ನಾನ. ಬರಕೋರ್ರಿ,” ಎಂದೆ. ಅವರು ಬರೆದುಕೊಂಡರು, ನಾನು ಕೆಳಗೆ ಸಹಿ ಮಾಡಿದೆ.

ಸಹಿ ಮಾಡಿದ ಮೇಲೆ ತಲೆ ಓಡಲು ಶುರುವಾಯಿತು. ಪಟ್ಟಿ ನನ್ನದೆಂದರೆ ಗುರುತು ಎಂಟು. ಮಲ್ಲಿನಾಥನನ್ನು ಕೇಳಿದೆ, “ಎಷ್ಟು ತುಂಬಿದ್ದಿ?”

“ಎಂಟೂ ತುಂಬಿದ್ನಿರಿ.”

“ಎಷ್ಟು ಕುಡದಿ?”

“ಹೊಂಡೂ ಮುಂಚೆ ಒಂದು. ಆಮ್ಯಾಲ ಹತ್ತು ಹತ್ತು ಕಿಲೋಮೀಟರಿಗಿ ಒಂದೊಂದು, ಐದು. ಎರಡು ಮುಗಿದ ಮ್ಯಾಲ ಕುಡ್ಯಾಕ ಇಟ್ಟಿದ್ನಿ.”

ಆರು ಕುಡಿದರೆ ಎರಡು ಗುರುತು ಉಳಿಯಬೇಕು. ಮಾಸ್ತರರ ಪುಸ್ತಕದಲ್ಲಿ ಬಾಟಲಿ ಖಾಲಿ. “ಆ ಎರಡು ಎಲ್ಲಿ ಹೋದ್ವು?” ಎಂದೆ. ಮಲ್ಲಿನಾಥ “ಚೆಲ್ಲಿದ್ವು” ಎಂದ. ಸಲಾಯಿನ್ ಬಾಟಲಿಯ ರಬ್ಬರ್ ಬಿರಡೆ ಹಲ್ಲಿನಿಂದ ಎಳೆದರೂ ಬರುವುದು ಕಷ್ಟ, ಅದು ತಾನಾಗಿ ಚೆಲ್ಲುವುದಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಾಯಿತು. ಯಾಕೆ ಎಂಬುದು ಮಾಸ್ತರರ ಕೈಯಲ್ಲಿದ್ದ ನಿಯಮಗಳ ಹಾಳೆ ನೋಡಿದಾಗ ಹೊಳೆಯಿತು. ದಾರಿಯಲ್ಲಿ ಇನ್ನೊಬ್ಬರಿಂದ ತಿನ್ನಲು, ಕುಡಿಯಲು ಪಡೆದವನ ಸ್ಥಾನ ರದ್ದು ಎಂದು ಅದರಲ್ಲಿತ್ತು. ಚೌಡಾಪುರದಲ್ಲಿ ಹೊರಳುವಾಗ ಮುಂದಿದ್ದವರು ಇಬ್ಬರೇ. ಒಬ್ಬ ಇವನು, ಇನ್ನೊಬ್ಬ ಆಳಂದದ ಮೈಬೂಬ. ಆ ಎರಡು ಗುರುತು ಮೈಬೂಬ ಕುಡಿದಿದ್ದರೆ, ಬಾಟಲಿಯಲ್ಲಿ ಏನಿತ್ತು ಎಂಬುದಕ್ಕೆ ಅವನೇ ಸಾಕ್ಷಿ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಆಳಂದದ ಬಸ್ಸು ಹತ್ತಿದೆ. ಮೈಬೂಬನದು ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಗಾಲಿಯೊಂದನ್ನು ತಿರುಗಿಸಿ ಕಡ್ಡಿ ಬಿಗಿ ಮಾಡುತ್ತಿದ್ದ. ನಾನು ಯಾರು, ಯಾಕೆ ಬಂದೆ ಎಂದು ಹೇಳಿ, ಎಂಟರ ಲೆಕ್ಕ ಒಪ್ಪಿಸಿದೆ.

“ನಾ ಏನೂ ಕುಡದಿಲ್ರಿ,” ಎಂದ, ಗಾಲಿಯಿಂದ ಕಣ್ಣೆತ್ತದೆ.

“ಆಯ್ತಪಾ,” ಎಂದು ಎದ್ದೆ. ಅಷ್ಟು ದೂರ ಬಂದದ್ದು ವ್ಯರ್ಥವಾಯಿತೆಂದು ಸಂಕಟವಾಯಿತು. ಆದರೆ ಅವನಿಗಿದ್ದುದೂ ಆ ಎರಡನೇ ಸ್ಥಾನ ಒಂದೇ, ಅದನ್ನು ಬಿಟ್ಟುಕೊಡು ಎಂದು ಹೇಳುವ ಹಕ್ಕು ನನಗಿರಲಿಲ್ಲ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿದ: “ಮಲ್ಲಣ್ಣ ನನ್ನ ಹೆಸರು ಹೇಳ್ಯಾನೇನ್ರಿ?”

“ಇಲ್ಲ. ಚೆಲ್ಲಿತು ಅಂದಾನ. ಅದನ್ನೇ ಹಿಡಕೊಂಡು ಕುಂತಾನ.”

ಗಾಲಿ ತಿರುಗಿ ತಿರುಗಿ ತಾನೇ ನಿಂತಿತು. ಮೈಬೂಬ ಕಡ್ಡಿ ಬಿಗಿ ಮಾಡುವ ಚಾವಿಯನ್ನು ಮೊಳೆಗೆ ತೂಗುಹಾಕಿದ. “ಹೊಳ್ಳಿ ಬರೂವಾಗ ನನ್ನ ಮೀನಖಂಡ ಹಿಡೀತ್ರಿ. ಕೆಳಗಿಳಿದು ಕುಂತೆ. ಆತ ಮುಂದ ಹೋಗ್ಯಾನ, ತಿರುಗಿ ಬಂದ. ಕುಡಿಲೇ, ಎರಡು ಗುರುತು ಕುಡಿ, ಅಂದ. ಬೆಲ್ಲದ ನೀರ್ರಿ, ಉಪ್ಪು, ನಿಂಬಿಕಾಯಿ.” ಅಂಗಿಗೆ ಕೈ ಒರೆಸಿಕೊಂಡು, “ಯಾವತ್ತ ಬರಬೇಕ್ರಿ?” ಎಂದ.

ಶುಕ್ರವಾರ ಸಮಿತಿ ಸೇರಿತು. ದೂರು ಕೊಟ್ಟವರೂ ಬಂದಿದ್ದರು. ಮೈಬೂಬ ಎದ್ದು ನಿಂತು, ನನಗೆ ಹೇಳಿದ್ದನ್ನೇ ಎಲ್ಲರ ಮುಂದೆ ಹೇಳಿದ. ಮಲ್ಲಿನಾಥ ಅವನ ತೋಳು ಹಿಡಿದು ಕೂರಿಸಲು ನೋಡಿದ, ಅವನು ಕೂರಲಿಲ್ಲ. ಮಾಸ್ತರರು ನಿಯಮದ ಹಾಳೆ ಎತ್ತಿ ತೋರಿಸಿ, “ತಮ್ಮಾ, ಇದನ್ನ ಬರಕೊಂಡ್ರ ನಿನ್ನ ಎರಡನೇ ನಂಬರ್ ಹೋಗ್ತದ,” ಎಂದರು.

“ಹೋಗ್ಲಿ ಬಿಡ್ರಿ.”

ದೂರುದಾರರಲ್ಲೊಬ್ಬ ಎದ್ದ. “ಇಬ್ರೂ ಕೂಡಿ ಮಾತಾಡಿಕೊಂಡಾರ್ರಿ. ಬಾಟ್ಲ್ಯಾಗ ಮದ್ದು ಇರ್ಲಿಲ್ಲಂತ ಏನ್ ಗ್ಯಾರಂಟಿ?”

ಮೈಬೂಬ ಅವನ ಕಡೆ ತಿರುಗಿದ. “ಮದ್ದಿದ್ರ ನಾನ್ಯಾಕ ನಾಲ್ಕು ಮಿನಿಟು ಹಿಂದ ಬೀಳ್ತಿದ್ನಿ, ಭಾಯಿ? ನಾನೂ ಅದನ್ನೇ ಕುಡದೇನಿ. ಎರಡು ಗುಟುಕಿಗಿ ನನ್ನ ಕಾಲಿನ ಮೀನಖಂಡ ಬಿಡ್ತು, ಅಷ್ಟ. ಮುಂದಿಂದು ಆತನ ಕಾಲ್ರಿ.”

ಕೋಣೆಯಲ್ಲಿ ನಗು ಎದ್ದಿತು. ದೂರು ಕೊಟ್ಟವರೂ ನಕ್ಕರು. ಆ ಗದ್ದಲದಲ್ಲೇ ನಾನು ಚೀಲದಿಂದ ಬೆಲ್ಲ, ಉಪ್ಪು, ನಿಂಬೆಹಣ್ಣು ತೆಗೆದು, ತೊಳೆದ ಅದೇ ಬಾಟಲಿಗೆ ಹೊಸ ಪಟ್ಟಿ ಅಂಟಿಸಿ, ಎಲ್ಲರೆದುರು ಕಲಸಿದೆ. ಮೈಬೂಬ ರುಚಿ ನೋಡಿ, ಇದೇ ಎಂದ. ಮಾಸ್ತರರು ಒಂದು ಗುರುತು ಕುಡಿದು, ಬಾಯೊರೆಸಿಕೊಂಡು, ಅಲ್ಲೇ ಪ್ರಮಾಣಪತ್ರ ಬರೆದರು.

ಅನುಮಾನ ಅಷ್ಟಕ್ಕೇ ಸತ್ತಿತೆಂದು ಹೇಳಿದರೆ ಸುಳ್ಳಾದೀತು. ಮಲ್ಲಿನಾಥ ತಂಡ ಸೇರಿದ ಮೊದಲ ವರ್ಷವೇ ಅವನ ಮೇಲಧಿಕಾರಿಗೆ ಹೆಸರಿಲ್ಲದ ಪತ್ರ ಹೋಯಿತು. ಅವನು ಯಾರ ಮೇಲೂ ಸಿಟ್ಟಾಗದೆ, ನನ್ನದು ಮೊದಲು ಪರೀಕ್ಷೆ ಮಾಡಿರಿ ಎಂದು ತಾನೇ ಹೋಗಿ ನಿಂತ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಲ್ಲಿಂದಾಚೆ ಪ್ರತಿ ಸ್ಪರ್ಧೆ ಮುಗಿದ ಕೂಡಲೇ ತಾನು ಕುಡಿದ ಬಾಟಲಿಯನ್ನು ತೊಳೆಯದೆ ಅಧಿಕಾರಿಗಳ ಮೇಜಿನ ಮೇಲಿಡುವುದು ಅವನ ರೂಢಿಯಾಯಿತು. ಅವನ ಗಾಲಿಗಳನ್ನು ಕೊನೆಯವರೆಗೂ ಆಳಂದದಿಂದ ಮೈಬೂಬನೇ ಬಿಗಿ ಮಾಡಿ ಕಳಿಸುತ್ತಿದ್ದ. ಊರಿನ ಪತ್ರಿಕೆಯಲ್ಲಿ ಮಲ್ಲಿನಾಥನ ಫೋಟೋ ಬಂದಾಗೆಲ್ಲ ನಾನು ಕತ್ತರಿಸಿ ಔಷಧಿ ಕಪಾಟಿನ ಒಳಬಾಗಿಲಿಗೆ ಅಂಟಿಸುತ್ತಿದ್ದೆ, ಅದೂ ಹಲ್ಲು ಹಲ್ಲಾಗಿ.

ಆ ಸೋಮವಾರದಿಂದ ನಿವೃತ್ತನಾಗುವ ದಿನದವರೆಗೆ ನಾನು ಪ್ರತಿ ಪಟ್ಟಿಯ ತುದಿಗೆ ನನ್ನ ಹೆಸರು ಬರೆದೇ ಅಂಟಿಸಿದೆ. ಕೈಯಿಂದ ಹೊರಗೆ ಹೋದದ್ದು ಎಲ್ಲಿ ಹೋಗಿ ನಿಂತರೂ, ಇದು ನಾನು ಕೊಟ್ಟದ್ದು ಎಂದು ಹೇಳುವ ಧೈರ್ಯ ಇರಬೇಕು. ಆ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಬೈಯುವುದನ್ನೂ ಸ್ವಲ್ಪ ಕಡಿಮೆ ಮಾಡಿದೆ ಎಂದು ನಾನು ಹೇಳುತ್ತೇನೆ, ನನ್ನ ಹೆಂಡತಿ ಒಪ್ಪುವುದಿಲ್ಲ.

1997ರಲ್ಲಿ ನನ್ನ ಬೀಳ್ಕೊಡುಗೆಗೆ ತಾಯಿ, ಮಗ, ಮೈಬೂಬ ಮೂವರೂ ಬಂದಿದ್ದರು. ಮಲ್ಲಿನಾಥ ಅದೇ ಬಾಟಲಿಯಲ್ಲಿ ಬೆಲ್ಲದ ನೀರು ತುಂಬಿಕೊಂಡು ಬಂದಿದ್ದ. ನಾನು ಮೂರು ಗುರುತು ಕುಡಿದೆ, ಅವನು ಮೂರು. ಉಳಿದ ಎರಡನ್ನು ಮೈಬೂಬನ ಕೈಗೆ ಕೊಟ್ಟು, “ಇವು ನಿನ್ನವ,” ಎಂದ. ಮೈಬೂಬ ಕುಡಿದು ಬಾಟಲಿ ಕೆಳಗಿಡುವಷ್ಟರಲ್ಲಿ ಕಸ್ತೂರಬಾಯಿ ಕೈ ಚಾಚಿದಳು.

“ಕೊಡ್ರಿ ಇಲ್ಲೆ, ತೊಳದು ತರ್ತೇನಿ.”

“ಬ್ಯಾಡಬೇ!” ಎಂದು ನಾವು ಮೂವರು ಗಂಡಸರೂ ಒಮ್ಮೆಲೇ ಕೂಗಿದೆವು.