ಮುಳುಗುವ ಊರಿನ ಗಿರಣಿ ಬಾಗಿಲು

ನಮ್ಮ ಬಾಗಲಕೋಟೆ ಮುಳುಗುವ ಊರು ಎಂದು ಸರಕಾರ ಹೇಳಿದಾಗ ನಾನಿನ್ನೂ ಲಂಗ ತೊಡುವ ಹುಡುಗಿ. ಆಣೆಕಟ್ಟಿನ ಹಿನ್ನೀರು ಇಂದು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ಶಾಲೆ ಮುಗಿಸಿ ಕಾಲೇಜು ಸೇರಿದೆ. ನೀರು ಬರಲಿಲ್ಲ, ನೀರಿನ ಹೆಸರು ಹೇಳುವ ಕಾನೂನು ಬಂತು. ಹೊಸದಾಗಿ ಕಟ್ಟುವಂತಿಲ್ಲ, ಇದ್ದದ್ದನ್ನು ಒಡೆದು ಬದಲಿಸುವಂತಿಲ್ಲ, ದುರಸ್ತಿಗೂ ಪರವಾನಿಗೆ ಇಲ್ಲ.

ಅಪ್ಪನದು ಓಣಿಯ ಮೂಲೆಯಲ್ಲಿ ಹಿಟ್ಟಿನ ಗಿರಣಿ. ಜೋಳ, ಗೋಧಿ ಬೀಸಿಯೇ ನಮ್ಮನ್ನೆಲ್ಲ ಸಾಕಿದವನು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮಾರುಕಟ್ಟೆಯ ಕಡೆ ದೊಡ್ಡ ಗಿರಣಿಯೊಂದು ಬಂತು. ಅಲ್ಲಿ ಹಿಟ್ಟೂ ಬೀಸುತ್ತಿದ್ದರು, ಖಾರವನ್ನೂ ಕುಟ್ಟುತ್ತಿದ್ದರು. ಒಂದೇ ಹಾದಿಗೆ ಎರಡು ಕೆಲಸ ಆಗುವಾಗ ಹೆಂಗಸರು ನಮ್ಮಲ್ಲಿಗೆ ಯಾಕೆ ಬಂದಾರು? ಬುಟ್ಟಿ ಹೊತ್ತು ನಮ್ಮ ಕಣ್ಣೆದುರೇ ದಾಟಿ ಹೋಗುತ್ತಿದ್ದರು. ಜೋಳ ಬೀಸುವ ಕಲ್ಲಿಗೆ ಮೆಣಸಿನಕಾಯಿ ಹಾಕಿದರೆ ಮರುದಿನದ ರೊಟ್ಟಿ ಬಾಯಿಗಿಡುವಂತಿಲ್ಲ. ಹೀಗಾಗಿ ಅಪ್ಪ ಹುನಗುಂದದಲ್ಲಿ ಹಳೆಯದೊಂದು ಖಾರ ಕುಟ್ಟುವ ಯಂತ್ರ ಹುಡುಕಿ ತಂದ. ಅದು ಗಿರಣಿಯ ಬಾಗಿಲಲ್ಲಿ ಹಿಡಿಯಲಿಲ್ಲ.

ಅಳತೆ ನೋಡದೆ ತಂದುಬಿಟ್ಟೆಯಲ್ಲ ಎಂದು ಅವ್ವ ಬೈದಳು. ಅಪ್ಪ ಅಳತೆ ನೋಡಿಯೇ ತಂದಿದ್ದ. ತನ್ನ ಗೋಡೆಯ ಬಾಗಿಲನ್ನು ಮೊಳ ಅಗಲ ಮಾಡಲು ಇನ್ನೊಬ್ಬರನ್ನು ಕೇಳಬೇಕು ಎಂಬುದೇ ಪಾಪ ಅವನಿಗೆ ಹೊಳೆದಿರಲಿಲ್ಲ.

ಅರ್ಜಿ ಬರೆದವಳು ನಾನು. ಅದನ್ನು ಹಿಡಿದು ಅಪ್ಪ ಮುನ್ಸಿಪಾಲ್ಟಿಗೆ ಎಷ್ಟು ಸಲ ಹೋದನೋ, ಕೊನೆಯ ಸಲ ನಾನೂ ಜೊತೆಗಿದ್ದೆ. ಇಂದು ಬಾಗಿಲು ಅಗಲ ಮಾಡುತ್ತೀರಿ, ನಾಳೆ ಅದಕ್ಕೂ ಪರಿಹಾರ ಕೇಳುತ್ತೀರಿ ಎಂದ ಗುಮಾಸ್ತ. ಹೇಗೂ ಮುಳುಗುವ ಗಿರಣಿ, ಅದಕ್ಕೆ ಇಷ್ಟೆಲ್ಲ ಯಾಕೆ ಎಂದೂ ಕೇಳಿದ.

"ಹುಟ್ಟಿದವ್ರೆಲ್ಲಾ ಸಾಯೂದು ಖರೆ ಐತ್ರಿ ಸಾಹೇಬ್ರ," ಎಂದ ಅಪ್ಪ. "ಹಂಗಂತ ಇವತ್ತಿನ ಊಟಾ ಬಿಡ್ತೀರೇನ್ರಿ?"

ಗುಮಾಸ್ತ ಅರ್ಜಿಯನ್ನು ನನ್ನ ಕೈಗೇ ವಾಪಸು ಕೊಟ್ಟ. ಯಂತ್ರ ಗೋಣಿಚೀಲ ಹೊದ್ದು ಓಣಿಯಲ್ಲೇ ಉಳಿಯಿತು. ಅದರ ಮೇಲೆ ಕೋಳಿ ಕೂತಾಗ, ತತ್ತಿ ಯಾವಾಗ ಎಂದು ಓಣಿಯವರು ಅಪ್ಪನನ್ನು ಕಾಡಿಸುತ್ತಿದ್ದರು. ಬುಟ್ಟಿಗಳು ಮಾತ್ರ ದಿನದಿನಕ್ಕೆ ಕಡಿಮೆಯಾದವು. ಇನ್ನೊಂದು ಮಳೆಗಾಲದ ತನಕ ಗಿರಣಿ ನಡೆಯುತ್ತದೆ ಎಂಬ ನಂಬಿಕೆ ನಮಗಾರಿಗೂ ಇರಲಿಲ್ಲ.

ಅಷ್ಟರಲ್ಲಿ ಹೋಳಿ ಬಂತು. ನಮ್ಮೂರಿನ ಹೋಳಿ ಎಂದರೆ ದಿನಗಟ್ಟಲೆ ಚರ್ಮದ ಹಲಗೆಯ ಸದ್ದು. ಹುಣ್ಣಿಮೆಗೆ ಸುಡುವ ಕಾಮಣ್ಣನಿಗಾಗಿ ಕಟ್ಟಿಗೆ ಕದ್ದರೆ ಅದು ಕಳ್ಳತನವಲ್ಲ. ಏಣಿ, ಮಂಚ, ಬಂಡಿಯ ನೊಗ, ಕೈಗೆ ಸಿಕ್ಕದ್ದೆಲ್ಲ ಅವನ ಪಾಲು. ಕಳಕೊಂಡವರು ಬಾಯಿ ತುಂಬ ಬೈಯಬಹುದು, ಫಿರ್ಯಾದಿ ಕೊಡುವಂತಿಲ್ಲ. ಪ್ರತಿ ವರ್ಷ ಒನಕೆ, ಮಣೆಗಳನ್ನು ಅಡಗಿಸಿ ಕಾವಲು ಕೂರುತ್ತಿದ್ದ ಅವ್ವ ಆ ವರ್ಷ ತಾನೇ ಹಲಗೆ ಬಾರಿಸುವ ತರುಣರನ್ನು ಕರೆದಳು. ಬೆಲ್ಲ, ನೀರು ಕೊಟ್ಟು, ಗಿರಣಿಯ ಬಾಗಿಲು ಸಾಗವಾನಿಯದು, ಹಾರೆ ಹಿತ್ತಲಲ್ಲಿದೆ ಎಂದು ಹೇಳಿದಳು.

ಅವರು ಹಾಡುಹಗಲೇ ಹೋಳಿಯ ರೂಢಿಯಂತೆ ಬಾಯಿ ಬಡಿದುಕೊಳ್ಳುತ್ತ ಬಂದರು. ಅವ್ವನ ಮಾತಿನಂತೆ ಮೊದಲು ಮೇಲಿನ ತೊಲೆಗೆ ಆಧಾರ ಕೊಟ್ಟರು. ಇಂಥ ಜವಾಬ್ದಾರಿಯ ಕಳ್ಳರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಚೌಕಟ್ಟು ಕಿತ್ತಾಗ ಎರಡೂ ಮಗ್ಗುಲಿನ ಕಲ್ಲುಗಳು ಕಳಚಿ ದಾರಿ ಅಗಲವಾಯಿತು. ಬಾಗಿಲು ಹೊತ್ತ ಕೈಗಳೇ ಯಂತ್ರವನ್ನು ಒಳಗೆ ನೂಕಿದವು.

ಆ ಬಾಗಿಲನ್ನು ಅಜ್ಜ ಮಾಡಿಸಿದ್ದು. ಅದು ಕಾಮಣ್ಣನ ಜೊತೆ ಉರಿಯುವಾಗ ಅಪ್ಪ ಅತ್ತ. ಮರುದಿನ ಅವ್ವ ಅದೇ ಬೆಂಕಿಯ ಕೆಂಡ ತಂದು ಪದ್ಧತಿಯಂತೆ ಕಡಲೆ ಹುರಿದಳು, ಅಪ್ಪ ಒಂದು ಕಾಳೂ ಮುಟ್ಟಲಿಲ್ಲ. ಒಂದು ಸಹಿಯಿಂದ ಆಗುವ ಕೆಲಸಕ್ಕೆ ಅಂಥ ಬಾಗಿಲನ್ನು ಸುಡಬೇಕಾಯಿತಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ.

ಬಣ್ಣದಾಟ ಮುಗಿದ ಮೇಲೆ ಗುಮಾಸ್ತ ಬಂದ. ಒಳಗೆ ಯಂತ್ರ ಧಡಧಡ ಕುಟ್ಟುತ್ತಿತ್ತು, ಹೊರಗೆ ಮೆಣಸಿನಕಾಯಿ ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿದ್ದರು. ಸೀನುತ್ತ ಸೀನುತ್ತ, ಗೋಡೆ ಒಡೆದವರು ಯಾರು ಎಂದು ಕೇಳಿದ. ಕಾಮಣ್ಣ ಒಯ್ದ ಎಂದಳು ಅವ್ವ. ಗುಮಾಸ್ತನೂ ಇದೇ ಊರಿನವನು, ಮುಂದೆ ಕೇಳುವಂತಿರಲಿಲ್ಲ. ಆದರೂ ಬಾಗಿಲನ್ನು ಮೊದಲಿನಂತೆ ಕಟ್ಟಿಸದಿದ್ದರೆ ನೋಟಿಸು ಕೊಡುವುದಾಗಿ ಹೆದರಿಸಿದ.

"ಕಟ್ಟಸ್ತೀವ್ರಿ," ಎಂದಳು ಅವ್ವ. "ದುರಸ್ತಿಗೆ ಪರವಾನಿಗಿ ಇಲ್ಲಂತ ನೀವ ಹೇಳೀರಿ. ಈಗ ಕಟ್ಟಸ್ರಿ ಅಂತ ಬರದು ಸಹಿ ಮಾಡಿ ಕೊಡ್ರಿ, ನಾಳೆನ ಕಟ್ಟಸ್ತೀವಿ."

ಅವನು ಕಿಸೆಯಿಂದ ಪೆನ್ನು ತೆಗೆದೇಬಿಟ್ಟ. ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ಮುದುಕಿ ಎದ್ದು ಬಂದು, ತನ್ನ ಮಾಳಗಿ ಸೋರುತ್ತದೆ, ಅದಕ್ಕೂ ಹಾಗೇ ಬರೆದುಕೊಡು ಎಂದಳು. ಇನ್ನೊಬ್ಬಳು ಬಚ್ಚಲಗೋಡೆ ಬಿದ್ದು ವರ್ಷವಾಯಿತು ಎಂದಳು. ಬುಟ್ಟಿಗಳನ್ನು ಬಿಟ್ಟು ಎಲ್ಲರೂ ಎದ್ದು ಅವನ ಸುತ್ತ ನಿಂತರು. ಪೆನ್ನು ತಿರುಗಿ ಕಿಸೆ ಸೇರಿತು. ಅವನು ಹೋದ ಮೇಲೆ ಅಪ್ಪ ಮುದುಕಿಯ ಬುಟ್ಟಿಯನ್ನು ಎಲ್ಲರಿಗಿಂತ ಮೊದಲು ಒಳಗೆ ತೆಗೆದುಕೊಂಡ.