ಎಟಿಕೆಟಿ ಆದವಳು

ನಮ್ಮ ಕಾಮರ್ಸ್ ಕಾಲೇಜು ಗುಡ್ಡದ ಮೇಲಿತ್ತು. ಕಿಟಕಿಯಿಂದ ಮುರ್ಮುಗಾಂವ್ ಬಂದರು ಕಾಣುತ್ತಿತ್ತು; ಅದಿರಿನ ಕೆಂಪು ಧೂಳು ಹಾರಿ ಬಂದು ಬೆಂಚಿನ ಮೇಲೆ ಕೂರುತ್ತಿತ್ತು. ಮೇಷ್ಟ್ರು ಕಿಟಕಿ ಮುಚ್ಚಿಸಿ, ಮೇಜು ಒರೆಸಿ, ಪುಸ್ತಕ ನೋಡಿಕೊಂಡು 'ವ್ಯಾಪಾರದಲ್ಲಿ ಬಂದರುಗಳ ಮಹತ್ವ' ಬರೆಸುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ನಮಗೆ ವ್ಯಾಪಾರ ಕಲಿಸುತ್ತಿದ್ದುದು ಹೀಗೆ. ಅದನ್ನು ಬರೆದುಕೊಂಡು ಒಂದು ಬೀಡಾ ಅಂಗಡಿಯನ್ನಾದರೂ ನಡೆಸಿದವರನ್ನು ನಾನು ಕಂಡಿಲ್ಲ.

ಪಾಠದಲ್ಲಿ ಇಲ್ಲದ ಶ್ರದ್ಧೆಯೆಲ್ಲ ನಿಯಮಗಳಲ್ಲಿತ್ತು. ಮುಕ್ಕಾಲು ಪಾಲು ಹಾಜರಿ ಇರದಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಡಾಕ್ಟರ ಚೀಟಿ ತಂದರೆ ಮಾಫಿ. ಅದಿರು ಸಾಗಿಸುವ ಬಾರ್ಜುಗಳ ಮಾಲೀಕರ ಮಕ್ಕಳಿಗೆ ಪ್ರತಿ ವರ್ಷ ತಪ್ಪದೆ ಕಾಮಾಲೆ ಬರುತ್ತಿತ್ತು, ಅದೂ ಕ್ರಿಕೆಟ್ ನಡೆಯುವ ತಿಂಗಳಲ್ಲಿ. ಇನ್ನು ಒಂದೆರಡು ವಿಷಯದಲ್ಲಿ ಬಿದ್ದವರನ್ನು ಮುಂದಿನ ತರಗತಿಗೆ ಹಾಕಿ, ಬಿದ್ದದ್ದನ್ನು ಅಕ್ಟೋಬರಿನಲ್ಲಿ ಮತ್ತೆ ಬರೆಸುತ್ತಿದ್ದರು. ಇದಕ್ಕೆ ಎಟಿಕೆಟಿ ಎಂದು ಹೆಸರು. ಟರ್ಮು ಮುಂದುವರಿಸಲು ಅಪ್ಪಣೆಯಾಗಿದೆ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಅಪ್ಪಣೆಯಂತೆ! ಫೀಸು ನಮ್ಮದು, ಅಪ್ಪಣೆ ಅವರದು.

ಮೊದಲ ವರ್ಷ ನಾನು ಎರಡರಲ್ಲಿ ಬಿದ್ದೆ. ಮನೆಯಲ್ಲಿ ಆಗಲೇ ಒಂದು ಮಾತಾಗಿತ್ತು. ಬಂದರಿನಲ್ಲಿ ಅದಿರು ತುಂಬುವ ಕೆಲಸಕ್ಕಿದ್ದ ಅಪ್ಪ ಅವ್ವನ ತಮ್ಮನಿಗೆ ಹೇಳಿಬಿಟ್ಟಿದ್ದ: "ಪಾಸಾದ್ರ ಓದ್ಲಿ. ನಪಾಸಾದ್ರ ನಿನಗ ಕೊಡ್ತೇನಿ." ರಿಸಲ್ಟಿನ ವಾರ ಮಾಮ ಬಿಜಾಪುರದಿಂದ ಬಂದು ನಮ್ಮ ಮನೆಯ ಒಂದೇ ಕುರ್ಚಿಯಲ್ಲಿ ಕೂತಿದ್ದ. ಕೆಟ್ಟವನಲ್ಲ ಎಂದು ಈಗ ಬರೆಯುತ್ತೇನೆ. ಆಗಲೂ ಹಾಗನ್ನಿಸಿತ್ತೇ? ನೆನಪು ಎಲ್ಲರನ್ನೂ ಸ್ವಲ್ಪ ತೊಳೆದೇ ಕೈಗೆ ಕೊಡುತ್ತದೆ. ನಮ್ಮ ಕಾಲೇಜಿನ ಉಪಪ್ರಾಚಾರ್ಯರೊಬ್ಬರನ್ನು ಮಾತ್ರ ಅದಕ್ಕೂ ತೊಳೆಯಲಾಗಿಲ್ಲ.

ಎಟಿಕೆಟಿಯವರು ಪಾಲಕರನ್ನು ಕರೆತಂದು, ಅವರೆದುರೇ ಉಪಪ್ರಾಚಾರ್ಯರಿಂದ ಬೈಸಿಕೊಳ್ಳಬೇಕಿತ್ತು. ಅಪ್ಪನಿಗೆ ಪಾಳಿ, ಅವ್ವ ಬಂದಳು. ಉಪಪ್ರಾಚಾರ್ಯರು ಅವಳಿಗೆ ಕೂರಲು ಹೇಳಲಿಲ್ಲ. ನಿಯಮವನ್ನೆಲ್ಲ ಇಂಗ್ಲಿಷಿನಲ್ಲಿ ಓದಿದರು, ಅವಳಿಗೆ ತಿಳಿಯಲಿ ಎಂದಲ್ಲ, ತಿಳಿಯುವುದಿಲ್ಲ ಎಂದು ಗೊತ್ತಿದ್ದೇ. ಅವ್ವ ಮೀನು ಪೇಟೆಯಲ್ಲಿ ಕಲಿತ ಕೊಂಕಣಿಯಲ್ಲಿ ಕೇಳಿದಳು:

"ಸಾಯ್ಬಾ, ಪಾಸ್ ಕೀ ಫೇಲ್?"

"ಪಾಸ್ ನ್ಹಯ್. ಫೇಲೂ ನ್ಹಯ್. ಎಟಿಕೆಟಿ."

ಪಾಸೂ ಅಲ್ಲ, ಫೇಲೂ ಅಲ್ಲ. ಅವ್ವ ಎರಡನೆಯದನ್ನಷ್ಟೇ ಹಿಡಿದುಕೊಂಡಳು. "ಫೇಲ್ ನ್ಹಯ್?"

"ನ್ಹಯ್ ಗೋ!" ಎಂದು ರೇಗಿ ಅವರು ಬಾಗಿಲು ತೋರಿಸಿದರು. ಮುಂದೆ ಅವರೇ ಪ್ರಾಚಾರ್ಯರಾದರಂತೆ. ಆಗಲೇಬೇಕು.

ಬಸ್ಸಿನಲ್ಲಿ ನಾನು, "ಅವ್ವಾ, ಅದು ನಪಾಸಾದಂಗನ," ಎಂದೆ.

"ಸುಮ್ನ ಕುಂದರು. ಅಷ್ಟು ಕಲ್ತ ಮನಷ್ಯಾ ಸುಳ್ಳ ಹೇಳ್ತಾನೇನು?"

ಮಾಮ ಕುರ್ಚಿಯಿಂದ ಏಳದೆಯೇ ಕೇಳಿದ. "ಏನಾತಕ್ಕಾ?"

"ಎಟಿಕೆಟಿ ಆಗ್ಯಾಳ."

"ಹಂಗಂದ್ರ?"

"ಉಳದವ್ರಿಗೆ ಬರೇ ಪಾಸ್ ಅಂತಾರ. ಇಕಿಗೆ ನಾಕ ಅಕ್ಷರ ಕೊಟ್ಟಾರ. ಬಿಕಾಂಗ ಎರಡ ಅದಾವ, ನೋಡು."

ಅಷ್ಟರಲ್ಲಿ ಪಕ್ಕದ ಮನೆಯ ಚಾಚಿ ಬಾಗಿಲಿಗೆ ಬಂದಿದ್ದಳು. "ಮಾಷಾಲ್ಲಾ! ನಮ್ಮ ಹುಡುಗಗೂ ಎಟಿಕೆಟಿ ಆಗ್ಲಿ ಅಂತ ದುವಾ ಮಾಡ್ತೇನ್ರಿ," ಎಂದಳು. ಆ ದುವಾ ಎರಡು ವರ್ಷ ಬಿಟ್ಟು ಫಲಿಸಿತು.

ಮಾಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕ. "ನಾ ಸಾಲಿ ಕಲ್ತಿದ್ದ ನಾಕನೇ ಇಯತ್ತಾ. ಇಕಿಗೆ ನಾಕ ಅಕ್ಷರ. ಜೋಡಿ ಕೂಡಂಗಿಲ್ಲ ಬಿಡಕ್ಕಾ." ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋದ. ಕೆಲಸದಿಂದ ಬಂದ ಅಪ್ಪ ಕುರ್ಚಿ ಖಾಲಿಯಾದದ್ದನ್ನು ನೋಡಿದ. ಅವ್ವ ಅವನಿಗೂ ಅದೇ ನಾಲ್ಕಕ್ಷರ ಹೇಳಿದಳು.

ಅವ್ವನಿಗೆ ನಿಜಕ್ಕೂ ತಿಳಿದಿರಲಿಲ್ಲವೇ? ನಾನು ಆಗ ಬರೆಯುತ್ತಿದ್ದ ದಿನಚರಿಯಲ್ಲಿ ಆ ದಿನದ ಪುಟವನ್ನು ಈಗ ಮತ್ತೆ ತೆಗೆದು ನೋಡಿದೆ. ಪುಟ ತುಂಬ ಉಪಪ್ರಾಚಾರ್ಯರ ಮೇಲಿನ ಸಿಟ್ಟು, ಅವರ ಬೂಟಿನ ಪಾಲಿಶ್ ಕೂಡ ಇದೆ. ಅವ್ವನ ಮುಖದ ಬಗ್ಗೆ ಒಂದು ಸಾಲೂ ಇಲ್ಲ. 'ಬಿಕಾಂಗ ಎರಡ' ಅನ್ನುವಾಗ ಅವಳ ತುಟಿಯಂಚಿನಲ್ಲಿ ನನಗೆ ಈಗ ಕಾಣುವ ನಗು ಆಗ ಇತ್ತೋ, ನಾನು ಆಮೇಲೆ ಇಟ್ಟದ್ದೋ, ಹೇಳಲಾರೆ.

ಅಕ್ಟೋಬರಿನಲ್ಲಿ ಎರಡೂ ವಿಷಯ ಮತ್ತೆ ಬರೆದೆ. ರಿಸಲ್ಟು ನೋಡಿ ಓಡಿ ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಎರಡೂ ಪಾಸಾದ್ವು, ಅವ್ವಾ."

ಕೈ ನಿಂತಿತು. "ಅಂದ್ರ ಎಟಿಕೆಟಿ ಹೋತೇನು?"

"ಹೋತು."

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿದಳು. "ನಿಮ್ಮ ಮಾಮಗ ಹೇಳಬ್ಯಾಡ," ಎಂದಳು.